ಸ್ವಂತ ಕಾರು, ಕಂಪನಿಯ ಕೆಲಸ: ಕಿಲೋಮೀಟರ್ ಎಲ್ಲಿಂದ ಶುರು?

ಪ್ರಶ್ನೆ: ನಾನು ವಿಜಯಪುರದವನು. ಮೂರು ವರ್ಷಗಳಿಂದ ಪುಣೆಯ ಕಾತ್ರಜ್‌ನಲ್ಲಿ ಮನೆ ಮಾಡಿದ್ದೇನೆ. ಭೋಸರಿಯ ಒಂದು ಯಂತ್ರೋಪಕರಣ ಕಂಪನಿಯ ಸರ್ವಿಸ್ ವಿಭಾಗದಲ್ಲಿ ಹಿರಿಯ ಎಂಜಿನಿಯರ್. ಸಂಬಳ ವರ್ಷಕ್ಕೆ 15 ಲಕ್ಷ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡಿದ್ದೇನೆ. ಮನೆಯಿಂದ ಕಚೇರಿ 24 ಕಿ.ಮೀ. ಕಚೇರಿಗೆ ಹೋಗುವ ದಿನ ಸ್ವಾರಗೇಟ್‌ನಿಂದ ಮೆಟ್ರೊ ಹಿಡಿದು ನಾಶಿಕ್ ಫಾಟಾದಲ್ಲಿ ಇಳಿಯುತ್ತೇನೆ, ಅಲ್ಲಿಂದ ಶೇರ್ ರಿಕ್ಷಾ. ಹೋಗಿಬರಲು ನೂರು ರೂಪಾಯಿ ಸಾಕು. ತಿಂಗಳಲ್ಲಿ ಹನ್ನೆರಡು ದಿನ ಮಾತ್ರ ಟೂಲ್ ಕಿಟ್ ಹೊತ್ತು ಶಿರ್ವಳ್ (42 ಕಿ.ಮೀ), ಚಾಕಣ (44 ಕಿ.ಮೀ), ರಾಂಜಣಗಾಂವ್ (58 ಕಿ.ಮೀ) ಕಡೆಯ ಗ್ರಾಹಕರ ಕಾರ್ಖಾನೆಗಳಿಗೆ ಮನೆಯಿಂದ ನೇರವಾಗಿ ನನ್ನ ಕಾರಿನಲ್ಲಿ ಹೋಗಬೇಕು. ಮೊದಲು ವೋಚರ್ ಬರೆದರೆ ಕಿ.ಮೀಗೆ 8 ರೂಪಾಯಿ ಕೊಡುತ್ತಿದ್ದರು. 2025ರ ಏಪ್ರಿಲ್‌ನಲ್ಲಿ ಅದನ್ನು ನಿಲ್ಲಿಸಿ, ಸಂಬಳದಲ್ಲೇ ತಿಂಗಳಿಗೆ 6,000 ‘ಕನ್ವೇಯನ್ಸ್’ ಸೇರಿಸಿ ಅದರ ಮೇಲೆ ತೆರಿಗೆಯನ್ನೂ ಕಡಿದರು. ಈಗ ಮತ್ತೆ ಕಿ.ಮೀ ಪದ್ಧತಿಗೆ ಮರಳುತ್ತೇವೆ ಎನ್ನುತ್ತಿದ್ದಾರೆ. ದರ ಅದೇ 8 ರೂಪಾಯಿ, ಆದರೆ ಮನೆಯಿಂದ ಕಚೇರಿಯ ದೂರವನ್ನು ಎರಡೂ ಕಡೆ ಕಳೆಯುತ್ತಾರಂತೆ. ಅಮೆರಿಕದಲ್ಲಿ ಸರ್ಕಾರವೇ ದರ ಗೊತ್ತುಮಾಡುತ್ತದೆ ಎಂದು ಓದಿದೆ. ನಮ್ಮಲ್ಲಿ ಅಂಥ ದರ ಇದೆಯೇ? 8 ರೂಪಾಯಿ ನ್ಯಾಯವೇ? ಕಳೆದ ವರ್ಷದ ತೆರಿಗೆ ವಾಪಸು ಸಿಗುತ್ತದೆಯೇ? ಅಪಘಾತವಾದರೆ ಯಾರು ಹೊಣೆ? ಕಾರಿನ ನಂಬರ್ ಇನ್ನೂ ಕೆಎ-28 ಇದೆ, ಅದರಿಂದ ತೊಂದರೆಯಾಗುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ 8 ರೂಪಾಯಿಯ ಬಗ್ಗೆ ಬೇಸರ ಹೆಚ್ಚು, ದೂರ ಕಳೆಯುವ ಹೊಸ ನಿಯಮದ ಬಗ್ಗೆ ಒಂದೇ ಸಾಲು. ನಿಮ್ಮ ಹಣ ಹೋಗುತ್ತಿರುವುದು ಆ ಒಂದು ಸಾಲಿನಲ್ಲಿ. ಪುಣೆಯ ಸಣ್ಣ, ಮಧ್ಯಮ ಕಂಪನಿಗಳ ಸಂಬಳದ ಲೆಕ್ಕ ನೋಡುವುದೇ ನನ್ನ ವೃತ್ತಿ. ಉದ್ಯೋಗಿಗಳು ದರಕ್ಕಾಗಿ ಜಗಳವಾಡಿ, ಕಿಲೋಮೀಟರನ್ನು ಸದ್ದಿಲ್ಲದೆ ಬಿಟ್ಟುಕೊಡುವುದನ್ನು ಇಲ್ಲಿ ಮತ್ತೆ ಮತ್ತೆ ನೋಡುತ್ತೇನೆ.

ಮೊದಲು ಅಮೆರಿಕದ ಮಾತು ಮುಗಿಸೋಣ. ಅಲ್ಲಿನ ತೆರಿಗೆ ಇಲಾಖೆ ಪ್ರತಿ ವರ್ಷ ಮೈಲಿಗೆ ಇಷ್ಟು ಸೆಂಟ್ ಎಂದು ಪ್ರಕಟಿಸುತ್ತದೆ. 2025ಕ್ಕೆ ಅದು 70 ಸೆಂಟ್ ಇತ್ತು. ಅಷ್ಟನ್ನು ಮಾಲೀಕರು ಕೊಡಲೇಬೇಕು ಎಂದು ಅದರ ಅರ್ಥವಲ್ಲ. ಸರಿಯಾದ ಲೆಕ್ಕವಿಟ್ಟು ಅಷ್ಟರವರೆಗೆ ಕೊಟ್ಟರೆ ತೆರಿಗೆ ಇಲ್ಲ ಎಂದಷ್ಟೇ. ಕೊಡಲೇಬೇಕು ಎನ್ನುವ ಕಾನೂನು ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳಲ್ಲಿದೆ. ನಮ್ಮಲ್ಲಿ ಖಾಸಗಿ ಕಂಪನಿಗಳಿಗೆ ಎರಡೂ ಇಲ್ಲ, ದರವೂ ಇಲ್ಲ, ಕಡ್ಡಾಯವೂ ಇಲ್ಲ. ನಿಮ್ಮ ನೇಮಕಾತಿ ಪತ್ರ, ಕಂಪನಿಯ ಪ್ರಯಾಣ ನೀತಿ, ಈವರೆಗೆ ನಡೆದುಬಂದ ರೂಢಿ, ಇವೇ ಆಧಾರ. 1872ರ ಕರಾರು ಕಾಯ್ದೆಯ 222ನೇ ಸೆಕ್ಷನ್ ಮಾತ್ರ ಒಂದು ತತ್ವವನ್ನು ಹೇಳುತ್ತದೆ: ತಾನು ಕೊಟ್ಟ ಅಧಿಕಾರದಲ್ಲಿ ಏಜೆಂಟನು ಮಾಡಿದ ಕಾನೂನುಬದ್ಧ ಕೆಲಸದ ಪರಿಣಾಮವನ್ನು ಆತನನ್ನು ನೇಮಿಸಿದವನೇ ಭರಿಸಬೇಕು. ಕಿ.ಮೀಗೆ ಎಷ್ಟು ಎಂದು ಅದು ಹೇಳುವುದಿಲ್ಲ. ಅದನ್ನು ಹಿಡಿದುಕೊಂಡು ನ್ಯಾಯಾಲಯಕ್ಕೆ ಹೋಗಿ ಎಂದೂ ನಾನು ಹೇಳುವುದಿಲ್ಲ. ಆದರೆ ‘ಇದು ನಾವು ಕೊಡುವ ಸೌಲಭ್ಯ’ ಎಂದು ಎಚ್‌ಆರ್ ವಿಭಾಗ ಮಾತು ಶುರುಮಾಡಿದರೆ, ಸೌಲಭ್ಯವಲ್ಲ, ನಿಮ್ಮ ಕೆಲಸಕ್ಕೆ ನಾನು ಖರ್ಚು ಮಾಡಿದ ಹಣದ ವಾಪಸಾತಿ ಎಂದು ವಿನಯದಿಂದಲೇ ತಿದ್ದಬಹುದು.

ಈಗ ಕಿಲೋಮೀಟರಿಗೆ ಬರೋಣ. ಮನೆಯಿಂದ ಕಚೇರಿಗೆ ಹೋಗುವುದು ಉದ್ಯೋಗಿಯ ಸ್ವಂತ ಖರ್ಚು, ಅಲ್ಲಿಂದಾಚೆಗಿನದು ಕಂಪನಿಯದು. ಇದು ಎಲ್ಲ ಕಡೆ ಒಪ್ಪಿತವಾದ ಮಾತು. ನೇರವಾಗಿ ಸೈಟಿಗೆ ಹೋದ ದಿನ ಕಚೇರಿಗೆ ಹೋಗುವ ಖರ್ಚು ಉಳಿಯುತ್ತದೆ, ಆದ್ದರಿಂದ ಅದನ್ನು ಕಳೆಯುತ್ತೇವೆ ಎಂಬ ಕಂಪನಿಯ ತರ್ಕವೂ ಮೇಲುನೋಟಕ್ಕೆ ಸರಿ. ದಿನವೂ ಕಾರಿನಲ್ಲೇ ಭೋಸರಿಗೆ ಹೋಗುವವರಿಗೆ ಈ ನಿಯಮದಿಂದ ಅನ್ಯಾಯವಿಲ್ಲ. ಆ ದಿನ ಹೇಗಿದ್ದರೂ 48 ಕಿ.ಮೀ ಓಡಬೇಕಿದ್ದ ಕಾರು ಬೇರೆ ದಿಕ್ಕಿನಲ್ಲಿ ಓಡಿತು, ಹೆಚ್ಚಾದದ್ದಕ್ಕೆ ಹಣ ಸಿಕ್ಕಿತು.

ನಿಮ್ಮ ಸ್ಥಿತಿ ಹಾಗಿಲ್ಲ. ನೀವು ಕಚೇರಿಗೆ ಹೋಗುವುದು ಮೆಟ್ರೊದಲ್ಲಿ. ಸೈಟಿಗೆ ಹೋದ ದಿನ ನಿಮಗೆ ಉಳಿಯುವುದು ನೂರು ರೂಪಾಯಿ, 48 ಕಿ.ಮೀ ಕಾರಿನ ಓಟವಲ್ಲ. ಆ ದಿನ ಕಾರು ಮನೆಯ ಗೇಟು ದಾಟಿದ್ದೇ ಕಂಪನಿಯ ಕೆಲಸಕ್ಕಾಗಿ. ಶಿರ್ವಳ್‌ನ ದಿನವನ್ನೇ ತೆಗೆದುಕೊಳ್ಳಿ. ಕಾರು ಓಡಿದ್ದು 84 ಕಿ.ಮೀ. ಕಂಪನಿಯ ಲೆಕ್ಕದಲ್ಲಿ 42ರಲ್ಲಿ 24 ಕಳೆದು 18, ಎರಡೂ ಕಡೆ ಸೇರಿ 36 ಕಿ.ಮೀ. 8 ರೂಪಾಯಿಯಂತೆ 288 ರೂಪಾಯಿ. ನಿಜಕ್ಕೂ ಉಳಿದದ್ದನ್ನೇ ಕಳೆದರೆ? 84 ಕಿ.ಮೀಗೆ 672, ಅದರಲ್ಲಿ ಮೆಟ್ರೊ, ರಿಕ್ಷಾದ ನೂರು ಕಳೆದು 572. ದರವನ್ನು ಮುಟ್ಟದೆಯೇ ಒಂದು ದಿನಕ್ಕೆ 284 ರೂಪಾಯಿಯ ವ್ಯತ್ಯಾಸ. ಇನ್ನೊಂದು ಕಡೆಯಿಂದ ನೋಡಿ: ನೀವು ಹೋರಾಡಿ ದರವನ್ನು 8ರಿಂದ 10.75ಕ್ಕೆ ಏರಿಸಿಕೊಂಡಿರಿ, ಕಳೆಯುವ ನಿಯಮ ಹಾಗೆಯೇ ಉಳಿಯಿತು ಎನ್ನೋಣ. 36 ಕಿ.ಮೀ ಮೇಲೆ ನಿಮಗೆ ಹೆಚ್ಚಿಗೆ ಸಿಗುವುದು 99 ರೂಪಾಯಿ. ಯಾವ ಬಾಗಿಲು ಮೊದಲು ತಟ್ಟಬೇಕು ಎಂಬುದು ಈಗ ಸ್ಪಷ್ಟವಾಗಿರಬೇಕು.

ಹಾಗಾಗಿ ಕಂಪನಿಗೆ ಬರೆಯುವಾಗ ‘ಕಳೆಯಬೇಡಿ’ ಎನ್ನಬೇಡಿ. ‘ಉಳಿದದ್ದನ್ನು ಕಳೆಯಿರಿ’ ಎನ್ನಿ. ಕಾರಿನಲ್ಲಿ ಕಚೇರಿಗೆ ಬರುವವರಿಗೆ ಕಿಲೋಮೀಟರ್ ಕಳೆಯಲಿ, ಬಸ್ಸು ಮೆಟ್ರೊದಲ್ಲಿ ಬರುವವರಿಗೆ ಟಿಕೆಟ್ಟಿನ ಹಣ ಕಳೆಯಲಿ. ಮೆಟ್ರೊ ಕಾರ್ಡಿನ ವಿವರ ನಿಮ್ಮ ಬಳಿ ಇದ್ದರೆ ವಾದಕ್ಕೆ ಬೇರೆ ಪುರಾವೆ ಬೇಡ. ಹಾಗೆಯೇ ಸಂಜೆ ಸೈಟ್ ಮುಗಿಸಿ ರಿಪೋರ್ಟ್ ಕೊಡಲು ಭೋಸರಿಗೆ ಬರಬೇಕಾದ ದಿನ, ಒಂದೇ ದಿನ ಚಾಕಣ ಮುಗಿಸಿ ರಾಂಜಣಗಾಂವ್‌ಗೆ ಹೋದ ದಿನ ಏನು ಮಾಡುವುದು ಎಂದೂ ನೀತಿಯಲ್ಲಿ ಬರೆಸಿ. ಸೈಟಿನಿಂದ ಸೈಟಿಗೆ, ಸೈಟಿನಿಂದ ಕಚೇರಿಗೆ ಓಡಿದ ದೂರದಲ್ಲಿ ಏನನ್ನೂ ಕಳೆಯುವಂತಿಲ್ಲ. ಇದು ಯಾರೂ ವಾದಿಸುವ ವಿಷಯವಲ್ಲ, ಆದರೆ ಬರೆಯದೇ ಬಿಟ್ಟದ್ದು ತಿಂಗಳ ಕೊನೆಯಲ್ಲಿ ಲೆಕ್ಕದ ಗುಮಾಸ್ತರ ಕೈಯಲ್ಲಿ ಬೇರೆ ರೂಪ ತಾಳುತ್ತದೆ.

ದೂರವನ್ನು ಅಳೆಯುವುದು ಹೇಗೆ ಎಂಬುದೂ ಒಂದು ಸಣ್ಣ ಕಿರಿಕಿರಿ. ಮೊಬೈಲ್ ನಕ್ಷೆ ತೋರಿಸುವ ಅತಿ ಕಡಿಮೆ ದೂರವನ್ನೇ ಕೊಡುತ್ತೇವೆ ಎನ್ನುವ ಕಂಪನಿಗಳಿವೆ. ಚಾಕಣ ಚೌಕದಲ್ಲಿ ಟ್ರಕ್ಕುಗಳ ಸಾಲು ನಿಂತ ದಿನ ಸುತ್ತುದಾರಿ ಹಿಡಿದವರಿಗೆ ಇದು ಶಿಕ್ಷೆ. ಓಡೋಮೀಟರಿನ ಲೆಕ್ಕ ಇರಲಿ, ನಕ್ಷೆಯ ದೂರಕ್ಕಿಂತ ಶೇಕಡಾ 10ರವರೆಗಿನ ಹೆಚ್ಚಳಕ್ಕೆ ಪ್ರಶ್ನೆ ಬೇಡ, ಅದಕ್ಕೂ ಮೀರಿದರೆ ಒಂದು ಸಾಲಿನ ಕಾರಣ ಬರೆಯಲಿ. ನಾನು ಸಲಹೆ ಕೊಟ್ಟ ಕಡೆಗಳಲ್ಲಿ ಈ ವ್ಯವಸ್ಥೆ ಜಗಳವಿಲ್ಲದೆ ನಡೆದಿದೆ.

ಇನ್ನು ದರ. 8 ರೂಪಾಯಿ ನ್ಯಾಯವೇ ಎಂದರೆ, ನಿಮ್ಮ ಕಾರಿಗೆ ಅಲ್ಲ ಎಂದೇ ನನ್ನ ಅಭಿಪ್ರಾಯ. ಪೆಟ್ರೋಲ್ ಲೀಟರಿಗೆ 105 ರೂಪಾಯಿ ಎಂದು ಲೆಕ್ಕದ ಅನುಕೂಲಕ್ಕೆ ಹಿಡಿಯೋಣ. ಪಂಪಿನ ಈ ದಿನದ ಬೆಲೆಯನ್ನು ನೀವೇ ಹಾಕಿಕೊಳ್ಳಿ. ಲೀಟರಿಗೆ 15 ಕಿ.ಮೀ ಕೊಡುವ ಸಣ್ಣ ಕಾರಿಗೆ ಇಂಧನಕ್ಕೇ ಕಿ.ಮೀಗೆ 7 ರೂಪಾಯಿ. ನಾಲ್ಕು ಟೈರಿಗೆ 18,000, ಅವು 40,000 ಕಿ.ಮೀ ಬಾಳಿದರೆ 45 ಪೈಸೆ. ಪ್ರತಿ 10,000 ಕಿ.ಮೀಗೆ ಸರ್ವಿಸಿಂಗ್‌ಗೆ 8,000 ಎಂದರೆ 80 ಪೈಸೆ. ಕ್ಲಚ್, ಬ್ರೇಕ್ ಪ್ಯಾಡ್, ಬ್ಯಾಟರಿ ಎಲ್ಲ ಸೇರಿ ಇನ್ನೊಂದು 50 ಪೈಸೆ. ಇಲ್ಲಿಗೆ 8.75 ಆಯಿತು. ಉಳಿದದ್ದು ಕಾರಿನ ಬೆಲೆ ಇಳಿಯುವುದು, ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 8 ಲಕ್ಷಕ್ಕೆ ಕೊಂಡ ಕಾರು ಲಕ್ಷ ಕಿ.ಮೀ ಓಡಿದ ಮೇಲೆ 4 ಲಕ್ಷಕ್ಕೆ ಮಾರಾಟವಾಯಿತು ಎನ್ನೋಣ. ಕಿ.ಮೀಗೆ 4 ರೂಪಾಯಿ ಕರಗಿತು. ಅದರಲ್ಲಿ ಅರ್ಧ, ಕಾರು ನಿಂತಲ್ಲೇ ನಿಂತಿದ್ದರೂ ವಯಸ್ಸಿನಿಂದ ಕರಗುತ್ತಿತ್ತು ಎಂದು ಬಿಟ್ಟುಬಿಡೋಣ. ಉಳಿದ 2 ರೂಪಾಯಿ ಓಟದ ಪಾಲು. ಒಟ್ಟು 10.75. ವಿಮೆಯ ಕಂತನ್ನು ನಾನು ಸೇರಿಸಿಲ್ಲ, ಸೈಟಿಗೆ ಹೋಗದಿದ್ದರೂ ಅದನ್ನು ನೀವು ಕಟ್ಟುತ್ತಿದ್ದಿರಿ.

ಸಂಖ್ಯೆಗಳು ನಿಮ್ಮ ಕಾರಿಗೆ ತಕ್ಕಂತೆ ಬದಲಾಗಲಿ, ಲೆಕ್ಕದ ದಾರಿ ಇದೇ. 8 ರೂಪಾಯಿಯಲ್ಲಿ 7 ಪಂಪಿಗೆ ಹೋದರೆ ಉಳಿಯುವ ಒಂದು ರೂಪಾಯಿಯಲ್ಲಿ ಟೈರು, ಸರ್ವಿಸಿಂಗ್ ಸಾಗುವುದಿಲ್ಲ. ಚಾಕಣ ದಾರಿಯ ವಾಹನದಟ್ಟಣೆಯಲ್ಲಿ ಮೈಲೇಜ್ 12ಕ್ಕೆ ಇಳಿದರೆ ಇಂಧನವೇ 8.75. ಅಂದರೆ ಆ ದಿನ ನೀವು ಕೈಯಿಂದ ಹಣ ಹಾಕಿ ಕಂಪನಿಯ ಕೆಲಸ ಮಾಡಿ ಬಂದಿರಿ. ಇಂಧನದ ಹಣವಷ್ಟೇ ಕೊಡುವ ಕಂಪನಿ ನಿಮ್ಮ ಕಾರನ್ನು ಉಚಿತವಾಗಿ ಸವೆಸುತ್ತಿದೆ. ನಷ್ಟ ಕಾಣುವುದು ಕಾರು ಮಾರುವ ದಿನ, ಅಷ್ಟರೊಳಗೆ ನೀವು ಆ ಕಂಪನಿಯಲ್ಲಿ ಇರುತ್ತೀರೋ ಇಲ್ಲವೋ.

ಹೋಲಿಕೆಗೆ ಒಂದು ಸರ್ಕಾರಿ ಅಂಕಿ ಬೇಕಿದ್ದರೆ, ಕೇಂದ್ರ ಸರ್ಕಾರಿ ನೌಕರರ ಪ್ರವಾಸ ಭತ್ಯೆಯ 2017ರ ಆದೇಶದಲ್ಲಿ, ರಾಜ್ಯದ ಸಾರಿಗೆ ಇಲಾಖೆ ಬೇರೆ ದರ ಗೊತ್ತುಮಾಡಿರದ ಕಡೆ, ಸ್ವಂತ ಕಾರು ಅಥವಾ ಟ್ಯಾಕ್ಸಿಗೆ ಕಿ.ಮೀಗೆ 24, ಆಟೊ ಅಥವಾ ಸ್ವಂತ ಸ್ಕೂಟರಿಗೆ 12 ರೂಪಾಯಿ ಎಂದಿದೆ. ಇದು ಟ್ಯಾಕ್ಸಿ ಬಾಡಿಗೆಗೆ ಸಮನಾದ ದರ. ನಿಮ್ಮ ಕಂಪನಿ ಇಷ್ಟು ಕೊಡಲಿ ಎಂದು ಕೇಳುವುದು ಅತಿಯಾದೀತು. ಆದರೆ ಮಾತುಕತೆಯ ಮೇಜಿನ ಮೇಲೆ ಅದು ಇರಲಿ. ಅದಕ್ಕಿಂತಲೂ ಪರಿಣಾಮಕಾರಿ ಎಂದರೆ ಬಾಡಿಗೆ ಕಾರಿನ ದರಪಟ್ಟಿ. ಕಾತ್ರಜ್‌ನಿಂದ ರಾಂಜಣಗಾಂವ್‌ಗೆ ಹೋಗಿಬರಲು, ಇಡೀ ದಿನ ಕಾಯಲು ಎಷ್ಟಾಗುತ್ತದೆ ಎಂದು ಇಬ್ಬರು ಏಜೆನ್ಸಿಯವರಿಂದ ಬರೆಸಿಕೊಂಡು ನಿಮ್ಮ ಪತ್ರಕ್ಕೆ ಲಗತ್ತಿಸಿ. ಸ್ವಂತ ಕಾರು ತರಬೇಕು ಎಂದು ನಿಮ್ಮ ನೇಮಕಾತಿ ಪತ್ರದಲ್ಲಿ ಇಲ್ಲದಿದ್ದರೆ, ಕಂಪನಿಗೆ ಇರುವ ಪರ್ಯಾಯ ಅದೇ. ಹಣಕಾಸು ವಿಭಾಗದವರು ನಿಮ್ಮ ಕಷ್ಟಕ್ಕೆ ಕರಗದಿದ್ದರೂ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಓದುತ್ತಾರೆ.

ದರವನ್ನು ಎರಡು ತುಂಡು ಮಾಡುವಂತೆಯೂ ಕೇಳಿ. ಇಂಧನದ ಪಾಲು ಪೆಟ್ರೋಲ್ ಬೆಲೆಯೊಂದಿಗೆ ತಿಂಗಳು ತಿಂಗಳು ಏರಿಳಿಯಲಿ, ಸವಕಳಿಯ ಪಾಲು ವರ್ಷಕ್ಕೊಮ್ಮೆ ಮಾತ್ರ ಬದಲಾಗಲಿ. ಲೀಟರಿಗೆ 5 ರೂಪಾಯಿ ಹೆಚ್ಚಾದರೆ ನಿಮ್ಮ ಕಿ.ಮೀ ದರ 33 ಪೈಸೆ ಹೆಚ್ಚುತ್ತದೆ, ಇಳಿದರೆ ಇಳಿಯುತ್ತದೆ. ಇದು ಕಂಪನಿಗೂ ಒಪ್ಪಿಗೆಯಾಗುತ್ತದೆ, ನಿಮಗೂ ಪ್ರತಿ ಬಾರಿ ಅರ್ಜಿ ಹಿಡಿದು ನಿಲ್ಲುವ ಮುಜುಗರ ತಪ್ಪುತ್ತದೆ. ಸಿಎನ್‌ಜಿ, ವಿದ್ಯುತ್ ಕಾರುಗಳಿಗೆ ಇಂಧನದ ಪಾಲು ಬೇರೆ, ಸವಕಳಿಯ ಪಾಲು ಹೆಚ್ಚುಕಡಿಮೆ ಅದೇ. ಬೈಕಿನಲ್ಲಿ ಹೋಗುವ ನಿಮ್ಮ ಕಿರಿಯ ಸಹೋದ್ಯೋಗಿಗಳ ದರವನ್ನೂ ಇದೇ ರೀತಿ ಕಟ್ಟಬಹುದು.

ಟೋಲ್ ಮತ್ತು ಪಾರ್ಕಿಂಗ್ ಈ ದರದಲ್ಲಿ ಸೇರಬಾರದು, ಪ್ರತ್ಯೇಕ ಬರಬೇಕು. ಶಿರ್ವಳ್ ದಾರಿಯಲ್ಲಿ ಖೇಡ್ ಶಿವಾಪುರದ ಟೋಲ್ ಇದೆ. ಅದು ರಾಷ್ಟ್ರೀಯ ಹೆದ್ದಾರಿ, ಆದ್ದರಿಂದ 2025ರ ಆಗಸ್ಟ್ 15ರಂದು ಆರಂಭವಾದ ಫಾಸ್ಟ್‌ಟ್ಯಾಗ್ ವಾರ್ಷಿಕ ಪಾಸ್ ಅಲ್ಲಿ ನಡೆಯುತ್ತದೆ. ಶುರುವಿನಲ್ಲಿ ಅದರ ಬೆಲೆ 3,000 ರೂಪಾಯಿ, ಒಂದು ವರ್ಷ ಅಥವಾ 200 ಬಾರಿ ದಾಟುವವರೆಗೆ, ಯಾವುದು ಮೊದಲೋ ಅದು. ಪಾಸ್ ಕೊಂಡವರು ಪ್ರತಿ ಬಾರಿ ಎಷ್ಟು ಬರೆಯಬೇಕು ಎಂಬ ಹೊಸ ತಕರಾರು ಇದರಿಂದ ಹುಟ್ಟಿದೆ. ಟೋಲ್ ಫಲಕದ ಪೂರ್ತಿ ದರವನ್ನು ಬರೆಯುವುದು ಸುಳ್ಳು ಲೆಕ್ಕ, ನೀವು ಅಷ್ಟು ಕೊಟ್ಟಿಲ್ಲ. 3,000ವನ್ನು 200ರಿಂದ ಭಾಗಿಸಿ 15 ರೂಪಾಯಿ ಎನ್ನುವುದೂ ಪೂರ್ತಿ ಸರಿಯಲ್ಲ, ವರ್ಷದೊಳಗೆ ನೀವು 200 ಬಾರಿ ದಾಟುವುದಿಲ್ಲ. ಪಾಸಿನ ಹಣವನ್ನು ಕಂಪನಿಯೇ ಒಮ್ಮೆಗೇ ಕೊಟ್ಟುಬಿಡುವುದು ಇಬ್ಬರಿಗೂ ಸುಲಭ. ಊರಿಗೆ ಹೋಗುವಾಗ ಸೋಲಾಪುರ ದಾರಿಯಲ್ಲಿ ಅದನ್ನು ನೀವು ಬಳಸಿಕೊಂಡರೆ ಕಂಪನಿ ಹೊಟ್ಟೆಕಿಚ್ಚು ಪಡಬೇಕಿಲ್ಲ. ಮುಂಬೈ ಕೆಲಸ ಬಂದರೆ ನೆನಪಿರಲಿ, ಪುಣೆ–ಮುಂಬೈ ಎಕ್ಸ್‌ಪ್ರೆಸ್‌ವೇ ರಾಜ್ಯದ ನಿಗಮದ ರಸ್ತೆ, ಈ ಪಾಸ್ ಅಲ್ಲಿಗೆ ಅಲ್ಲ. ಮುಂಬೈ ಪ್ರವೇಶದ ಐದು ನಾಕೆಗಳಲ್ಲಿ ಕಾರುಗಳಿಗೆ 2024ರ ಅಕ್ಟೋಬರ್‌ನಿಂದ ಟೋಲ್ ಇಲ್ಲ, ಅಲ್ಲಿಯ ಟೋಲನ್ನು ಈಗಲೂ ವೋಚರಿನಲ್ಲಿ ಬರೆಯುವವರನ್ನು ನಾನು ನೋಡಿದ್ದೇನೆ.

ತೆರಿಗೆಯ ವಿಷಯದಲ್ಲಿ ನಿಮ್ಮ ಎಚ್‌ಆರ್ ವಿಭಾಗ ಎರಡು ಬೇರೆ ಭತ್ಯೆಗಳನ್ನು ಕಲಸಿದೆ. ಮನೆಯಿಂದ ಕಚೇರಿಗೆ ಹೋಗಲು ಕೊಡುತ್ತಿದ್ದ ಸಾರಿಗೆ ಭತ್ಯೆಗೆ ತಿಂಗಳಿಗೆ 1,600 ರೂಪಾಯಿಯ ವಿನಾಯಿತಿ ಇತ್ತು. 2018ರ ಬಜೆಟ್ಟಿನಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ (ಸಂಬಳದಾರರಿಗೆಲ್ಲ ಸಿಗುವ ನಿಗದಿತ ಕಡಿತ) ಮತ್ತೆ ಬಂದಾಗ, ಅಂಗವಿಕಲ ಉದ್ಯೋಗಿಗಳನ್ನು ಬಿಟ್ಟು ಉಳಿದವರಿಗೆ ಅದು ಹೋಯಿತು. ಅಂದಿನಿಂದ ‘ಕನ್ವೇಯನ್ಸ್‌ಗೆ ವಿನಾಯಿತಿ ಇಲ್ಲ’ ಎಂಬ ಮಾತು ಎಲ್ಲ ಕಚೇರಿಗಳಲ್ಲೂ ಬೇರೂರಿದೆ. ಆದರೆ ಕರ್ತವ್ಯ ನಿರ್ವಹಿಸುವಾಗ ಮಾಡಿದ ಓಡಾಟದ ಖರ್ಚಿಗೆಂದು ಕೊಡುವ ಭತ್ಯೆ ಬೇರೆಯದು. 2025–26ರವರೆಗೆ ಅನ್ವಯಿಸುವ 1961ರ ಆದಾಯ ತೆರಿಗೆ ಕಾಯ್ದೆಯ 10(14)ನೇ ಸೆಕ್ಷನ್ ಮತ್ತು 2ಬಿಬಿ ನಿಯಮದ ಪ್ರಕಾರ, ಕಂಪನಿ ಉಚಿತ ವಾಹನ ಕೊಟ್ಟಿರದಿದ್ದರೆ, ನಿಜವಾಗಿ ಖರ್ಚಾದಷ್ಟಕ್ಕೆ ತೆರಿಗೆ ಇಲ್ಲ. 2020ರಲ್ಲಿ ಹೊಸ ತೆರಿಗೆ ಪದ್ಧತಿಯ ನಿಯಮ ಮಾಡುವಾಗ ಉಳಿಸಿಕೊಂಡ ಕೆಲವೇ ಭತ್ಯೆಗಳಲ್ಲಿ ಇದೂ ಒಂದು. ಹೊಸ ಪದ್ಧತಿ ಆರಿಸಿದ್ದೀರಿ, ಆದ್ದರಿಂದ ಸಿಗದು ಎಂಬ ಉತ್ತರ ಬಂದರೆ ಅದು ತಪ್ಪು.

ನಿಮ್ಮ ಮೊತ್ತವನ್ನು ನೋಡೋಣ. ತಿಂಗಳಿಗೆ 6,000, ವರ್ಷಕ್ಕೆ 72,000. 15 ಲಕ್ಷದಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 14.25 ಲಕ್ಷ, ಅಂದರೆ 2025–26ರ ಹೊಸ ಪದ್ಧತಿಯಲ್ಲಿ ಮೇಲಿನ ಪದರಕ್ಕೆ ಶೇಕಡಾ 15. 72,000ದ ಮೇಲೆ 10,800, ಶೇಕಡಾ 4ರ ಸೆಸ್ ಸೇರಿ 11,232 ರೂಪಾಯಿ. 12.75 ಲಕ್ಷದೊಳಗಿನ ಸಂಬಳದವರಿಗೆ ಆ ವರ್ಷ ತೆರಿಗೆಯೇ ಬಾರದ್ದರಿಂದ ನಿಮ್ಮ ಕಿರಿಯರಿಗೆ ಈ ಬಿಸಿ ತಟ್ಟಿರಲಿಕ್ಕಿಲ್ಲ. ನೀವು ಖರ್ಚು ಮಾಡಿದ್ದು 6,000ಕ್ಕಿಂತ ಹೆಚ್ಚೇ? ಹನ್ನೆರಡು ದಿನವೂ ಶಿರ್ವಳ್‌ಗೆ ಹೋದಿರಿ ಎಂದರೂ 1,008 ಕಿ.ಮೀ, ಇಂಧನಕ್ಕೇ 7,056 ರೂಪಾಯಿ. ಸವಕಳಿಯ ಲೆಕ್ಕ ಇಲ್ಲಿ ಎತ್ತಬೇಡಿ. ದರದ ಮಾತುಕತೆಯಲ್ಲಿ ಅದು ಗಟ್ಟಿ ವಾದ, ಆದರೆ ತೆರಿಗೆ ಅಧಿಕಾರಿ ಕೇಳುವುದು ಕೈಯಿಂದ ನಿಜವಾಗಿ ಹೋದ ಖರ್ಚನ್ನು.

2025–26ರ ರಿಟರ್ನ್ ಸಲ್ಲಿಸುವಾಗ ಸಂಬಳದ ವಿವರದಲ್ಲಿ ಈ ವಿನಾಯಿತಿಯನ್ನು ನೀವೇ ಬರೆದು, ಸಂಬಳದಲ್ಲೇ ಹೆಚ್ಚಾಗಿ ಕಡಿದ ತೆರಿಗೆಯನ್ನು (ಟಿಡಿಎಸ್) ವಾಪಸು ಕೇಳಬಹುದು. ಕಂಪನಿ ಕೊಡುವ ತೆರಿಗೆ ಪ್ರಮಾಣಪತ್ರವಾದ ಫಾರ್ಮ್ 16ರಲ್ಲಿ ಆ ವಿನಾಯಿತಿ ಇಲ್ಲದ್ದರಿಂದ ಇಲಾಖೆಯ ಗಣಕಯಂತ್ರ ವಿವರಣೆ ಕೇಳುವ ಸಂಭವವಿದೆ. ಆಗ ಕೈಯಲ್ಲಿ ಪುರಾವೆ ಇಲ್ಲದಿದ್ದರೆ ಸುಮ್ಮನೆ ತಲೆನೋವು. ನಿಮ್ಮ ಅದೃಷ್ಟಕ್ಕೆ ಸರ್ವಿಸ್ ಎಂಜಿನಿಯರುಗಳ ಬಳಿ ಬೇರೆಯವರಲ್ಲಿ ಇಲ್ಲದ ಒಂದು ದಾಖಲೆ ಇರುತ್ತದೆ: ಗ್ರಾಹಕರು ಸಹಿ ಮಾಡಿದ ಸರ್ವಿಸ್ ರಿಪೋರ್ಟ್. ಅದರಲ್ಲಿ ತಾರೀಕು, ಕಾರ್ಖಾನೆಯ ಹೆಸರು, ಒಳಹೊಕ್ಕ ವೇಳೆ ಎಲ್ಲವೂ ಇದೆ. ಅದರ ಪಕ್ಕದಲ್ಲಿ ಫಾಸ್ಟ್‌ಟ್ಯಾಗ್ ವಿವರ ಇಡಿ, ಪೆಟ್ರೋಲ್ ಖರ್ಚಿನ ಬ್ಯಾಂಕ್ ವಿವರ ಇಡಿ. ಇನ್ನೂ ಬೇಕೆಂದರೆ, ಈ ಭತ್ಯೆ ಸೈಟ್ ಓಡಾಟಕ್ಕಾಗಿಯೇ ಕೊಟ್ಟದ್ದು ಎಂದು ಕಂಪನಿಯಿಂದ ಒಂದು ಸಾಲಿನ ಪತ್ರ ಪಡೆಯಿರಿ. ಕಂಪನಿ ಈ ಪತ್ರ ಕೊಡಲು ಹಿಂಜರಿದರೆ ಕಾರಣ ಊಹಿಸಬಲ್ಲೆ. ಕಚೇರಿಯಿಂದ ಕದಲದ ಗುಮಾಸ್ತರಿಗೂ ಅದೇ 6,000 ‘ಕನ್ವೇಯನ್ಸ್’ ಕೊಡುತ್ತಿದ್ದರೆ, ಅದು ಪ್ರಯಾಣದ ಹಣವಲ್ಲ, ಬೇರೆ ಹೆಸರಿನ ಸಂಬಳ. ಎಲ್ಲರಿಗೂ ಒಂದೇ ಸಮನೆ ಕೊಡುವ ಭತ್ಯೆ ಭವಿಷ್ಯ ನಿಧಿಯ ಲೆಕ್ಕಕ್ಕೆ ಮೂಲವೇತನದ ಭಾಗವೇ ಎಂದು ಸುಪ್ರೀಂ ಕೋರ್ಟ್ 2019ರ ಫೆಬ್ರುವರಿಯಲ್ಲಿ ಹೇಳಿದ ಮೇಲೆ ಇಂಥ ಕಂಪನಿಗಳು ಈ ವಿಷಯದಲ್ಲಿ ಏನನ್ನೂ ಕಾಗದದ ಮೇಲೆ ಬರೆಯಲು ಅಂಜುತ್ತವೆ.

ಇನ್ನು ಮುಂದೆ ಕಿ.ಮೀ ಪದ್ಧತಿಯೇ ಬರಲಿ, ಸಂಬಳದೊಳಗಿನ ಭತ್ಯೆ ಬೇಡ. ಓಡಿದ್ದಕ್ಕೆ ಸರಿಯಾಗಿ ಲೆಕ್ಕ ಕೊಟ್ಟು ಪಡೆದ ಹಣ ಆದಾಯವೇ ಅಲ್ಲ. ಇಲ್ಲಿ ಕಾಗದವೇ ಎಲ್ಲ. 1962ರ ಆದಾಯ ತೆರಿಗೆ ನಿಯಮಗಳು ಕಾರಿನ ಬಗ್ಗೆ ಕೇಳುತ್ತಿದ್ದುದು ಇಷ್ಟು: ಪ್ರಯಾಣದ ತಾರೀಕು, ಹೋದ ಸ್ಥಳ, ಕಿಲೋಮೀಟರ್, ಆದ ಖರ್ಚು, ಮತ್ತು ಇದು ಕಚೇರಿಯ ಕೆಲಸಕ್ಕೇ ಆಯಿತೆಂಬ ಮಾಲೀಕರ ಪ್ರಮಾಣಪತ್ರ. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಲ್ಲಿದೆ, ಸೆಕ್ಷನ್ನುಗಳ ಸಂಖ್ಯೆ ಬದಲಾಗಿದೆ. ಈ ವರ್ಷದ ಕಾಗದಗಳಲ್ಲಿ ಹಳೆಯ ಸಂಖ್ಯೆ ಬರೆಯಬೇಡಿ. ಲಾಗ್ ಬುಕ್ ಇಡುವ ಶಿಸ್ತು ಹಾಗೆಯೇ ಇರಲಿ. ಹೊರಡುವಾಗ, ಮುಟ್ಟಿದಾಗ ಓಡೋಮೀಟರಿನ ಫೋಟೊ ತೆಗೆದು, ಸರ್ವಿಸ್ ರಿಪೋರ್ಟಿನ ಸಂಖ್ಯೆಯನ್ನು ಅದೇ ಸಾಲಿನಲ್ಲಿ ಬರೆಯಿರಿ. ತಿಂಗಳ ಕೊನೆಯಲ್ಲಿ ಕೂತು ನೆನಪಿನಿಂದ ತುಂಬಿಸಿದ ಲಾಗ್ ಬುಕ್ಕನ್ನು ದೂರದಿಂದಲೇ ಗುರುತಿಸಬಹುದು: ಎಲ್ಲ ಸಂಖ್ಯೆಗಳೂ ಸೊನ್ನೆ ಅಥವಾ ಐದರಲ್ಲಿ ಮುಗಿಯುತ್ತವೆ.

ಪೆಟ್ರೋಲ್ ಬಿಲ್ಲು ತಂದುಕೊಟ್ಟರೆ ಹಣ ಎನ್ನುವ ಪದ್ಧತಿಯನ್ನು ಮಾತ್ರ ಒಪ್ಪಬೇಡಿ. ಬಿಲ್ಲು ಟ್ಯಾಂಕಿಗೆ ಎಷ್ಟು ಬಿತ್ತು ಎಂದು ಹೇಳುತ್ತದೆ, ಕಾರು ಎಲ್ಲಿಗೆ ಹೋಯಿತು ಎಂದು ಹೇಳುವುದಿಲ್ಲ. ಈ ಪದ್ಧತಿ ಇರುವ ಕಡೆ ಪಂಪಿನ ಹುಡುಗನಿಂದ ಬೇರೆಯವರ ಬಿಲ್ಲು ಕೇಳಿ ಪಡೆಯುವ ಚಾಳಿ ಹುಟ್ಟಿಯೇ ಹುಟ್ಟುತ್ತದೆ, ಸಿಕ್ಕಿಬಿದ್ದ ದಿನ ನೌಕರಿಯೇ ಹೋಗುತ್ತದೆ. ಮನೆಯ ಓಡಾಟ, ಕಂಪನಿಯ ಓಡಾಟ ಎರಡರ ಖರ್ಚನ್ನೂ ಕಂಪನಿ ಒಟ್ಟಿಗೆ ಭರಿಸಿದರೆ ತೆರಿಗೆಯ ಲೆಕ್ಕವೇ ಬೇರೆ. 1962ರ ನಿಯಮಗಳಲ್ಲಿ ಸ್ವಂತ ಕಾರಿನ ಅಂಥ ಖರ್ಚಿನಿಂದ ತಿಂಗಳಿಗೆ 1,800 ರೂಪಾಯಿ, ಎಂಜಿನ್ 1.6 ಲೀಟರ್ ಮೀರಿದರೆ 2,400, ಬೈಕಿಗಾದರೆ 900 ಮಾತ್ರ ಕಳೆದು, ಉಳಿದದ್ದನ್ನು ನಿಮ್ಮ ಆದಾಯಕ್ಕೆ ಸೇರಿಸುತ್ತಿದ್ದರು. ಹೆಚ್ಚಿನ ಓಡಾಟ ನಿಜಕ್ಕೂ ಕೆಲಸದ್ದೇ ಎಂದು ದಾಖಲೆ ಇದ್ದವರು ಮಾತ್ರ ಹೆಚ್ಚು ಕಳೆಯಬಹುದಿತ್ತು.

ಅಪಘಾತದ ಪ್ರಶ್ನೆಗೆ ಬರುತ್ತೇನೆ. ಖಾಸಗಿ ಕಾರಿನ ವಿಮೆ, ಮಾಲೀಕ ತನ್ನ ನೌಕರಿಯ ಕೆಲಸಕ್ಕೆ ಓಡಿಸಿದ ಎಂಬ ಒಂದೇ ಕಾರಣಕ್ಕೆ ಬಿದ್ದುಹೋಗುವುದಿಲ್ಲ. ಪಾಲಿಸಿಯಲ್ಲಿ ‘ಬಳಕೆಯ ಮಿತಿ’ ಎಂಬ ಭಾಗವನ್ನು ಓದಿ. ಬಾಡಿಗೆಗೆ ಓಡಿಸುವುದು, ಸ್ಯಾಂಪಲ್ ಮತ್ತು ಸ್ವಂತ ಲಗೇಜು ಬಿಟ್ಟು ಬೇರೆ ಸರಕು ಸಾಗಿಸುವುದು, ರೇಸ್ ಮುಂತಾದವು ಅಲ್ಲಿ ನಿಷಿದ್ಧ. ಖರ್ಚಿನ ವಾಪಸಾತಿ ಬಾಡಿಗೆಯಲ್ಲ. ಆದರೆ ಸಹೋದ್ಯೋಗಿಗಳನ್ನು ಕೂರಿಸಿಕೊಂಡು ತಲೆಗೆ ಇಷ್ಟು ಎಂದು ವಸೂಲಿಗಿಳಿದರೆ ಆ ಗೆರೆ ದಾಟಿದಂತೆ. ನಿಮಗೆ ಹೆಚ್ಚು ಅಪಾಯ ಇರುವುದು ‘ಸರಕು’ ಎಂಬಲ್ಲಿ. ಟೂಲ್ ಕಿಟ್ ಒಂದು ಮಾತು. ‘ಹೇಗೂ ಹೋಗುತ್ತಿದ್ದೀರಲ್ಲ’ ಎಂದು ಡಿಕ್ಕಿಯಲ್ಲಿ ಕಂಪನಿಯ ಮೋಟಾರು, ಗೇರ್‌ಬಾಕ್ಸು ತುಂಬಿಸಿ ಕಳಿಸುವುದು ಇನ್ನೊಂದು. ಅದಕ್ಕೆ ಟೆಂಪೊ ಇದೆ. ನಿಮ್ಮ ಕಿಟ್‌ನ ವಿಷಯವನ್ನೂ ವಿಮಾ ಕಂಪನಿಗೆ ಮಿಂಚಂಚೆ ಬರೆದು ಲಿಖಿತ ಉತ್ತರ ಪಡೆದಿಡಿ. ಉಪಕರಣಗಳು ಕಳುವಾದರೆ ಕಾರಿನ ಸಾಮಾನ್ಯ ಪಾಲಿಸಿ ಅವಕ್ಕೆ ಹಣ ಕೊಡುವುದಿಲ್ಲ, ಅವು ಕಂಪನಿಯ ಆಸ್ತಿ, ಅದರ ವಿಮೆ ಕಂಪನಿಯ ಹೊಣೆ. ಕಾರಿಗೆ ಪೆಟ್ಟಾಗಿ ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ ಹೋಗುತ್ತದೆ, ವಿಮಾ ಕಂಪನಿ ಕೊಡದೆ ಬಿಡುವ ಮೊದಲ ಪಾಲು (ಕಡ್ಡಾಯ ಕಡಿತ) ನಿಮ್ಮ ಕೈಯಿಂದ ಹೋಗುತ್ತದೆ. ಕೆಲಸದ ಓಡಾಟದಲ್ಲಿ ಆದ ಪೆಟ್ಟಿಗೆ ಇವೆರಡನ್ನು ಕಂಪನಿ ಭರಿಸಲಿ ಎಂಬ ಒಂದು ಸಾಲನ್ನು ನೀತಿಯಲ್ಲಿ ಸೇರಿಸಲು ಕೇಳಿ. ಕೇಳಿದವರು ಕಡಿಮೆ, ಕೇಳಿದ ಕಡೆ ಕೊಟ್ಟವರು ಇದ್ದಾರೆ.

ನಿಮ್ಮ ದೇಹಕ್ಕೆ ಪೆಟ್ಟಾದರೆ? ಕಾರಿನ ಮಾಲೀಕ-ಚಾಲಕನಿಗೆ 15 ಲಕ್ಷದ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆ ಇದೆ. ನಿಮ್ಮ ಪಾಲಿಸಿಯಲ್ಲಿ ಅದು ಇದೆಯೇ ನೋಡಿಕೊಳ್ಳಿ. ಉದ್ಯೋಗಿಗಳ ಪರಿಹಾರ ಕಾನೂನಿನಲ್ಲಿ ಮನೆಯಿಂದ ಕೆಲಸಕ್ಕೆ ಹೋಗುವ ದಾರಿಯ ಅಪಘಾತ ಸೇರುತ್ತದೆಯೇ ಎಂಬ ಹಳೆಯ ವಾದಕ್ಕೆ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ, ಮಹಾರಾಷ್ಟ್ರದ ಒಂದು ಸಕ್ಕರೆ ಕಾರ್ಖಾನೆಯ ಕಾವಲುಗಾರನ ಪ್ರಕರಣದಲ್ಲಿ ಉತ್ತರ ಕೊಟ್ಟಿತು. ಬೈಕಿನಲ್ಲಿ ಕೆಲಸಕ್ಕೆ ಹೊರಟವನು ದಾರಿಯಲ್ಲಿ ಸತ್ತಿದ್ದ. ಸಮಯ, ಸ್ಥಳ, ಸಂದರ್ಭಗಳಿಗೂ ಕೆಲಸಕ್ಕೂ ನಂಟು ಇದ್ದರೆ ಪರಿಹಾರ ಸಲ್ಲಬೇಕು ಎಂಬುದು ತೀರ್ಪಿನ ಸಾರ. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೇ ಮಾತಿದೆ. ಆದರೆ ಆ ಪರಿಹಾರ ಎಲ್ಲ ಹುದ್ದೆಗಳಿಗೂ ತಾನಾಗಿ ಅನ್ವಯಿಸುವುದಿಲ್ಲ, ಮೊತ್ತವೂ ನಿಮ್ಮಂಥ ಸಂಬಳದವರ ಸಂಸಾರಕ್ಕೆ ಸಾಲದು. ಕಂಪನಿಯ ಗುಂಪು ಅಪಘಾತ ವಿಮೆ ಇದೆಯೇ, ಸ್ವಂತ ಕಾರಿನ ಸೈಟ್ ಪ್ರಯಾಣ ಅದರಲ್ಲಿ ಸೇರಿದೆಯೇ ಎಂದು ಈ ವಾರವೇ ವಿಚಾರಿಸಿ. ಇಲ್ಲಿ ಲಾಗ್ ಬುಕ್ ಎರಡನೇ ಬಾರಿ ಕೆಲಸಕ್ಕೆ ಬರುತ್ತದೆ: ಆ ದಿನ, ಆ ಹೊತ್ತಿಗೆ ನೀವು ಆ ರಸ್ತೆಯಲ್ಲಿ ಕಂಪನಿಯ ಕೆಲಸಕ್ಕೇ ಇದ್ದಿರಿ ಎಂದು ಸಾಬೀತು ಮಾಡಲು. ಸೈಟಿಗೆ ಹೋಗಲು ಹೇಳಿದ ಸಂದೇಶ ಫೋನ್ ಮಾತಿನಲ್ಲೇ ಮುಗಿಯದೆ ಬರಹದಲ್ಲಿ ಇರಲಿ.

ಕೊನೆಗೆ ಕೆಎ-28. ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಬೇರೆ ರಾಜ್ಯದ ವಾಹನವನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಇಲ್ಲಿಯ ನೋಂದಣಿ ಮಾಡಿಸಬೇಕು. ನಿಮ್ಮದು ಮೂರು ವರ್ಷ ದಾಟಿದೆ. ನಂಬರ್ ಕರ್ನಾಟಕದ್ದು ಎಂಬ ಕಾರಣಕ್ಕೆ ಕಂಪನಿ ಕಿ.ಮೀ ಹಣ ತಡೆಹಿಡಿಯುವಂತಿಲ್ಲ, ಆದರೆ ‘ವಾಹನದ ಕಾಗದಪತ್ರ ಕ್ರಮಬದ್ಧವಾಗಿರಬೇಕು’ ಎಂಬ ಸಾಲು ಪ್ರತಿ ಪ್ರಯಾಣ ನೀತಿಯಲ್ಲೂ ಇರುತ್ತದೆ, ಬೇಕಾದಾಗ ಅದನ್ನು ಎಳೆದು ತರುತ್ತಾರೆ. ಇನ್ನೊಂದು ಅಂಶವನ್ನು ಏಜೆಂಟರು ಹೇಳುವುದಿಲ್ಲ. ಮೋಟಾರು ವಿಮೆಯ ಹಳೆಯ ದರಪಟ್ಟಿಯಲ್ಲಿ ಪುಣೆ ‘ಎ’ ವಲಯ, ವಿಜಯಪುರ ‘ಬಿ’ ವಲಯ. ನಿಮ್ಮ ಕಂತು ವಿಜಯಪುರದ ಲೆಕ್ಕದಲ್ಲಿ ಹೋಗುತ್ತಿದ್ದರೆ, ಕಾರು ಇರುವುದು ಪುಣೆಯಲ್ಲಿ ಎಂದು ವಿಮಾ ಕಂಪನಿಗೆ ಮೊದಲೇ ತಿಳಿಸಿಬಿಡುವುದು ಕ್ಷೇಮ. ವಿಜಯಪುರದ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ತಂದು, ಇಲ್ಲಿಯ ತೆರಿಗೆ ಕಟ್ಟಿ, ಎಂಎಚ್-12 ನಂಬರ್ ಪಡೆದ ಮೇಲೆ ಕರ್ನಾಟಕದಲ್ಲಿ ಕಟ್ಟಿದ ಆಜೀವ ತೆರಿಗೆಯಲ್ಲಿ ಉಳಿದ ಅವಧಿಯ ಪಾಲನ್ನು ವಾಪಸು ಕೇಳಬಹುದು. ಆ ಅರ್ಜಿಗೆ ಹೊಸ ನೋಂದಣಿ ಪತ್ರದ ಪ್ರತಿ, ಇಲ್ಲಿ ತೆರಿಗೆ ಕಟ್ಟಿದ ರಸೀದಿ ಬೇಕಾಗುತ್ತವೆ. ಊರಿಗೆ ಹಬ್ಬಕ್ಕೆ ಹೋದಾಗ ಒಂದು ಕೆಲಸದ ದಿನವನ್ನು ಸೇರಿಸಿಕೊಂಡು ರಜೆ ಹಾಕಿ, ಕಚೇರಿ ತೆರೆದಿರಬೇಕಲ್ಲ.